ವಿಸಿಆರಿನೊಳಗೆ ಸಿಕ್ಕಿಕೊಂಡ ಮದುವೆ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಗೆ ಬೆಳಗಾಗುತ್ತಿದ್ದುದು ರಾಳದ ಹೊಗೆಯ ವಾಸನೆಯಿಂದ. ಸಾಗರದ ಪೇಟೆಯಲ್ಲಿ ನಮ್ಮದು ರೈಲಿನ ಡಬ್ಬಿಯ ಹಾಗೆ ಉದ್ದನೆಯ ಮನೆ. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆ ಅಪ್ಪನ ರಿಪೇರಿ ಅಂಗಡಿ. ಅದರ ಹಿಂದಿನದೆಲ್ಲ ನಮ್ಮ ಸಂಸಾರ. ಕಾಫಿ ಕುಡಿಯುವುದಕ್ಕೂ ಮೊದಲೇ ಅಪ್ಪ ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ಕಾಯಲು ಹಾಕುತ್ತಿದ್ದರು. ಅದರ ಬಿಸಿ ಮೂತಿಗೆ ರಾಳ ತಾಗಿದ ಕೂಡಲೇ ಏಳುತ್ತಿದ್ದ ಸಣ್ಣ ಬಿಳಿ ಹೊಗೆ ಬಾಗಿಲ ಸಂದಿಯಿಂದ ಒಳಗೆ ಬಂದು ನಮ್ಮ ಹೊದಿಕೆಯ ಒಳಗೂ ನುಗ್ಗುತ್ತಿತ್ತು.

ರೇಡಿಯೋ, ಟೇಪ್ ರೆಕಾರ್ಡರ್, ಟಿವಿ, ಇಸ್ತ್ರಿಪೆಟ್ಟಿಗೆ, ಯಾವುದು ಬಂದರೂ ಅಪ್ಪ ಬೇಡ ಅನ್ನುತ್ತಿರಲಿಲ್ಲ. ಆದರೆ ಅವರದೊಂದು ಕಟ್ಟುನಿಟ್ಟು ಇತ್ತು. ಪೂರ್ತಿ ಸರಿಯಾಗದ ಸಾಮಾನು ಅಂಗಡಿಯ ಮೆಟ್ಟಿಲು ಇಳಿಯುವ ಹಾಗಿರಲಿಲ್ಲ. ನಮಗೂ ಒಂದು ನಿಯಮ ಇತ್ತು. ಮೇಜಿನ ಹತ್ತಿರ ಹೋದರೆ ಅಪ್ಪ "ಕೈ ಹಿಂದೆ" ಅನ್ನುತ್ತಿದ್ದರು. ಕೂಡಲೇ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳಬೇಕು. ಎರಡು ಕೈಯೂ ಪೆಟ್ಟಿಗೆಯೊಳಗೆ ಹೋದರೆ ಕರೆಂಟಿಗೆ ಎದೆಯ ಮೂಲಕ ಹಾದುಹೋಗಲು ದಾರಿ ಸಿಗುತ್ತದೆ, ಒಂದೇ ಕೈ ಇದ್ದರೆ ಆ ದಾರಿ ಇಲ್ಲ ಎಂದು ಅವರು ಹೇಳಿಕೊಟ್ಟಿದ್ದರು. ಅವರೂ ಹಾಗೆಯೇ ಒಂದು ಕೈಯಲ್ಲಿ ಕೆಲಸ ಮಾಡುತ್ತಿದ್ದರು. ಕೆಲಸ ಮುಗಿದ ಮೇಲೆ "ತೆಗಿ" ಅನ್ನುತ್ತಿದ್ದರು. ಅಲ್ಲಿಯವರೆಗೆ ಮೂಗು ತುರಿಸಿದರೂ ಬಲಗೈಯೇ ಗತಿ.

ನಾನು ಹೇಳಹೊರಟಿರುವುದು ನನಗೆ ಹನ್ನೊಂದು ವರ್ಷವಾಗಿದ್ದಾಗಿನ ಒಂದು ಭಾನುವಾರದ ಸಂಗತಿ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಸಂಕ್ರಾಂತಿಯ ಆಸುಪಾಸು. ಚಳಿಗೆ ಅಂಗಡಿಯ ಸಿಮೆಂಟು ನೆಲ ಕಾಲಿಗೆ ಕಚ್ಚುತ್ತಿತ್ತು.

ಹತ್ತು ಗಂಟೆಯ ಸುಮಾರಿಗೆ ಒಬ್ಬರು ಬಂದರು. ತಲೆಯ ಮೇಲೆ ಕರಿ ಕಂಬಳಿಯ ದೊಡ್ಡ ಗಂಟು. ಆ ಗಂಟನ್ನು ಮಲಗಿದ ಕೂಸನ್ನು ಇಳಿಸುವ ಹಾಗೆ ಮೇಜಿನ ಮೇಲೆ ಇಳಿಸಿದರು. ಹಿನ್ನೀರಿನ ಆಚೆ ದಡದ ಊರಿನವರು. ಬೆಳಗಿನ ಮೊದಲ ಲಾಂಚಿನಲ್ಲಿ ನೀರು ದಾಟಿ, ಈಚೆ ದಡದ ಹೊಳೆಬಾಗಿಲಿನಲ್ಲಿ ಬಸ್ಸು ಹಿಡಿದು ಬಂದಿದ್ದರು. ನಮ್ಮ ಮನೆಯಲ್ಲಿ ಗಿರಾಕಿಗಳನ್ನೆಲ್ಲ ನಾವು ಮಾವ ಅನ್ನುತ್ತಿದ್ದುದರಿಂದ ಅವರೂ ಮಾವ.

"ಅಣ್ಣಾ, ನಮ್ ಹುಡುಗಿ ಮದ್ವೆ ಇದ್ರೊಳಗೆ ಸಿಕ್ಕಂಡದೆ. ಹೆಂಗಾದ್ರೂ ಮಾಡಿ ಹೊರಗೆ ತೆಗೀರಿ" ಅಂದರು.

ಒಳಬಾಗಿಲ ಹತ್ತಿರ ಪಿಯುಸಿ ಪರೀಕ್ಷೆಗೆ ಓದುತ್ತ ಕೂತಿದ್ದ ಅಕ್ಕ ಪುಸ್ತಕ ಮುಖಕ್ಕೆ ಅಡ್ಡ ಹಿಡಿದು, "ಗಂಡಿನ ಕಡೆಯವರೂ ಒಳಗೇ ಇದಾರಾ ಕೇಳೇ" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು.

ಕಂಬಳಿ ಬಿಚ್ಚಿದರೆ ಒಳಗೆ ವಿಸಿಆರ್. ನೀವು ಮಕ್ಕಳು ನೋಡಿಲ್ಲ, ಅದಕ್ಕೇ ಹೇಳುತ್ತೇನೆ. ಹಳೆಯ ಟ್ರಂಕಿನ ಮುಚ್ಚಳದಷ್ಟು ಅಗಲದ, ಇಬ್ಬರು ಮಕ್ಕಳು ಸೇರಿ ಎತ್ತಬೇಕಾದಷ್ಟು ಭಾರದ ಪೆಟ್ಟಿಗೆ ಅದು. ಅದರ ಬಾಯಿಗೆ ಇಟ್ಟಿಗೆಯಂಥ ಕ್ಯಾಸೆಟ್ಟು ಕೊಟ್ಟರೆ ಅದು ಗುಳುಂ ಎಂದು ನುಂಗಿ, ಒಳಗಿನ ಟೇಪನ್ನು ಎಳೆದು ಒಂದು ಉರುಳೆಗೆ ಸುತ್ತಿಕೊಂಡು, ಪಕ್ಕದ ಟಿವಿಯಲ್ಲಿ ಚಿತ್ರ ಮೂಡಿಸುತ್ತಿತ್ತು. ಮೂರು ನಾಲ್ಕು ಊರಿಗೆ ಒಂದು ಇದ್ದರೆ ಹೆಚ್ಚು. ಮಾವನ ಮನೆಗೆ ಅದನ್ನು ಬೊಂಬಾಯಿಯ ಹೋಟೆಲಿನಲ್ಲಿದ್ದ ಅವರ ಭಾವ ತಂದುಕೊಟ್ಟಿದ್ದರಂತೆ.

ಮಾವ ಕೂರಲಿಲ್ಲ. ನಿಂತಲ್ಲೇ ಕಾಲು ಬದಲಿಸುತ್ತ ಕತೆ ಹೇಳಿದರು. ಅವರ ಮಗಳ ಮದುವೆ ತೀರ್ಥಹಳ್ಳಿಯಲ್ಲಿ ಆಗಿತ್ತು. ಗಂಡಿನ ಮನೆ ಮೇಳಿಗೆಯ ಕಡೆ. ಮದುವೆಗೆ ಒಂದು ವಾರ ಇರುವಾಗ ಮಾವನ ತಾಯಿ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆ ಹುಡುಗಿಯನ್ನು ಎತ್ತಿ ಆಡಿಸಿ ಬೆಳೆಸಿದ್ದೇ ಆ ಅವ್ವ. ಲಾಂಚು ಹತ್ತಿಸುವುದಿರಲಿ, ಮಂಚದಿಂದ ಇಳಿಸುವ ಹಾಗೂ ಇರಲಿಲ್ಲ.

"ನಾನು ಬಾಯಿ ಬಿಟ್ಟು ಹೇಳ್ಬಿಟ್ಟೆ ಅಣ್ಣಾ. ನೀನು ಬರ್ದಿದ್ರೆ ಏನಾತು ಅವ್ವಾ, ಮದ್ವೇನೇ ನಿನ್ ಮಂಚದ ಹತ್ರ ತಂದು ಇಡ್ತೀನಿ ಅಂದೆ. ವಿಡಿಯೋದವ್ರಿಗೆ ಹೇಳಿ ಮಾಡ್ಸಿದೆ. ಮೊನ್ನೆ ಗುರುವಾರ ಸಂಜೆ ಹಾಕಿದ್ವಿ. ಗಣಪತಿ ಬಂತು, ಲಗ್ನಪತ್ರಿಕೆ ಬಂತು, ಚಪ್ಪರ ಬಂತು. ಇನ್ನೇನು ಹುಡುಗಿ ಮುಖ ಬರ್ಬೇಕು, ಕರೆಂಟು ಹೋತು."

"ಆಮೇಲೆ ಬರ್ಲಿಲ್ವಾ?" ಅಪ್ಪ ಕೇಳಿದರು.

"ಎರಡು ಗಂಟೆ ಬಿಟ್ಟು ಬಂತು. ಕರೆಂಟು ಬಂತು, ಇದು ಬರ್ಲಿಲ್ಲ. ಅವತ್ತಿಂದ ಅವ್ವ ನನ್ ಹತ್ರ ಮಾತು ಬಿಟ್ಟದೆ. ಗೋಡೆ ಕಡೆ ತಿರುಗಿ ಮಲಗ್ತದೆ. ಇವತ್ತು ಸಂಜೆ ಮದುಮಕ್ಕಳು ನಮ್ಮನೆ ಊಟಕ್ಕೆ ಬರ್ತಾರೆ. ನಾಳೆ ಬೆಳಿಗ್ಗೆ ಹೋದ್ರೆ ಮತ್ತೆ ಯುಗಾದಿಗೇ. ಮೂರು ಗಂಟೆ ಬಸ್ಸಿಗೆ ಹೋಗ್ದಿದ್ರೆ ಕಡೇ ಲಾಂಚು ತಪ್ತದೆ ಅಣ್ಣಾ."

ಆ ಕ್ಯಾಸೆಟ್ಟು ಒಂದೇ ಒಂದು. ಬೇರೆ ಪ್ರತಿ ಇರಲಿಲ್ಲ. ಮೂತಿಯಿಂದ ಕೈಹಾಕಿ ಎಳೆದರೆ ಉರುಳೆಗೆ ಸುತ್ತಿಕೊಂಡ ಟೇಪು ಹರಿದು ಮದುವೆಯೇ ತುಂಡಾಗುತ್ತಿತ್ತು. ಅಪ್ಪ ಗೋಡೆಯ ಗಡಿಯಾರ ನೋಡಿದರು, ಸ್ಕ್ರೂಡ್ರೈವರ್ ಕೈಗೆತ್ತಿಕೊಂಡರು, "ಕೈ ಹಿಂದೆ" ಅಂದರು. ನಾನು ಎಡಗೈ ಹಿಂದಿಟ್ಟು ಮೇಜಿಗೆ ಅಂಟಿ ನಿಂತೆ. ಮಾವನೂ ಏನೂ ಅರ್ಥವಾಗದೆ ತಮ್ಮ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

ಮುಚ್ಚಳ ತೆಗೆದ ಕೂಡಲೇ ಅಪ್ಪನ ಕಣ್ಣಿಗೆ ಬಿದ್ದುದು ಫ್ಯೂಸು. ಗಾಜಿನ ಆ ಪುಟ್ಟ ಕೊಳವೆಗೆ ಸಿಗರೇಟು ಪ್ಯಾಕಿನ ಬೇಗಡೆ ಸುತ್ತಿತ್ತು.

"ಇದೆಂತ ಮಾರಾಯ್ರೆ?"

"ಫ್ಯೂಸು ಹೋಗಿರ್ಬೌದು ಅಂತ ನಮ್ಮೂರ ಹುಡುಗ ಒಬ್ಬ..."

"ಫ್ಯೂಸು ಸರಿಯಾಗೇ ಇದೆ. ಈ ಬೇಗಡೆ ಇದ್ದು ಒಳಗೆ ಏನಾದ್ರೂ ಶಾರ್ಟ್ ಆಗಿದ್ರೆ ಮದುವೆ ಜೊತೆ ಮನೇನೂ ಸುಡ್ತಿತ್ತು. ಹುಡುಗ ಎಲ್ಲಿದಾನೆ ಈಗ?"

"ಬಂದಿಲ್ಲ ಅವ್ನು" ಅಂದ ಮಾವ ನನ್ನ ಕಡೆ ನೋಡಿ ತಲೆ ತುರಿಸಿಕೊಂಡರು. ಆ ಹುಡುಗ ಅವರೇ ಎಂದು ನನಗೂ ಗೊತ್ತಾಯಿತು.

ಅಪ್ಪ ಬೇಗಡೆ ಕಿತ್ತು, ಅದೇ ಫ್ಯೂಸನ್ನು ಮತ್ತೆ ಹಾಕಿ, ಪೆಟ್ಟಿಗೆಯನ್ನು ತಮ್ಮ ಸೀರೀಸ್ ಬಲ್ಬಿಗೆ ಜೋಡಿಸಿದರು. ಅದು ಅವರ ಕಾವಲುಗಾರ. ಕರೆಂಟು ಆ ಬಲ್ಬನ್ನು ಹಾದೇ ಪೆಟ್ಟಿಗೆಗೆ ಹೋಗಬೇಕು. ಒಳಗೆಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಭಗ್ಗನೆ ಉರಿದು ಹೇಳುತ್ತದೆ, ಪೆಟ್ಟಿಗೆ ಸುಡುವುದಿಲ್ಲ. ಸ್ವಿಚ್ಚು ಒತ್ತಿದರು. ಬಲ್ಬು ಒಮ್ಮೆ ಮಿಂಚಿ ಮಂಕಾಯಿತು. ಒಳಗಿನಿಂದ ಟಿಕ್ ಎಂದಿತು. ಸ್ವಲ್ಪ ಬಿಟ್ಟು ಮತ್ತೆ ಟಿಕ್. ಅಷ್ಟೇ. ಪೆಟ್ಟಿಗೆಯ ಮುಂಭಾಗದ ಗಡಿಯಾರದ ಹಸಿರು ಅಂಕಿಗಳು ಹೊತ್ತಿಕೊಳ್ಳಲಿಲ್ಲ.

"ಪವರ್ ಸಪ್ಲೈ" ಅಂದರು ಅಪ್ಪ. ಗೋಡೆಯಿಂದ ಬರುವ ಕರೆಂಟು ಒರಟು ಕರೆಂಟು. ಅದನ್ನು ಅಳತೆಗೆ ಇಳಿಸಿ, ಸೋಸಿ, ಒಳಗಿನ ನಾಜೂಕು ಭಾಗಗಳಿಗೆ ಹಂಚುವ ಅಡುಗೆಮನೆಯೇ ಪವರ್ ಸಪ್ಲೈ. ಅಲ್ಲಿ ಒಲೆ ಹತ್ತದಿದ್ದರೆ ಪಂಕ್ತಿಯಲ್ಲಿ ಯಾರಿಗೂ ಊಟವಿಲ್ಲ.

ಆಮೇಲೆ ಅಪ್ಪ ಪೆಟ್ಟಿಗೆಯ ಮೇಲೆ ಬಗ್ಗಿ ಜೋರಾಗಿ ಉಸಿರೆಳೆದರು. "ಸುಟ್ಟ ವಾಸನೆ. ಎಲ್ಲೋ ಒಂದು ಸುಟ್ಟಿದೆ" ಅಂದರು. ಅಲ್ಲಿಂದ ಶುರುವಾಯಿತು ಹುಡುಕಾಟ. ಒಂದೊಂದೇ ಭಾಗಕ್ಕೆ ಮೀಟರಿನ ಕಡ್ಡಿ ತಾಗಿಸಿ ನೋಡಿದರು. ಕರೆಂಟು ಒಳಗೆ ಬರುತ್ತಿತ್ತು, ಅದನ್ನು ಕೂಡಿಡುವ ದೊಡ್ಡ ಕಂಡೆನ್ಸರಿನಲ್ಲಿ ತುಂಬುತ್ತಲೂ ಇತ್ತು, ಮುಂದೆ ಮಾತ್ರ ಹೋಗುತ್ತಿರಲಿಲ್ಲ. ಸುಟ್ಟಂತೆ ಕಂಡ ಒಂದನ್ನು ಬಿಚ್ಚಿ ಅಳೆದರು, ಸರಿಯಿತ್ತು. ಅದನ್ನು ವಾಪಸು ಹಾಕಿ ಇನ್ನೊಂದನ್ನು ಬಿಚ್ಚಿದರು, ಅದೂ ಸರಿಯಿತ್ತು. ಗಂಟೆ ಹನ್ನೊಂದೂವರೆಯಾಯಿತು, ಹನ್ನೆರಡೂವರೆಯಾಯಿತು.

ಆ ಅಂಗಡಿಯಲ್ಲಿ ಅವತ್ತು ಯಾರೂ ಒಂದು ಕಡೆ ಇರಲಿಲ್ಲ. ಮಾವ ಸ್ಟೂಲಿನ ಮೇಲೆ ಕೂರುವುದು, ಏಳುವುದು, ಬೀದಿಗೆ ಹೋಗಿ ಬಸ್ ನಿಲ್ದಾಣದ ಕಡೆ ನೋಡುವುದು, ಬಂದು ಅಕ್ಕನ ಹತ್ತಿರ "ನಿಮ್ಮನೆ ಗಡಿಯಾರ ಸರಿ ಅದೆಯಾ ತಂಗೀ?" ಎಂದು ಕೇಳುವುದು. ನಾಲ್ಕನೇ ಸಲ ಕೇಳಿದಾಗ ಅಕ್ಕ, "ಇಲ್ಲ ಮಾವ, ನೀವು ನೋಡಿದಾಗೆಲ್ಲ ಐದು ನಿಮಿಷ ಮುಂದೆ ಹೋಗ್ತದೆ" ಅಂದಳು. ಅವಳೂ ಒಂದೇ ಪುಟವನ್ನು ಎಷ್ಟೋ ಹೊತ್ತಿನಿಂದ ಓದುತ್ತಿದ್ದಳು. ಅಪ್ಪನ ಬಲಗೈ ಮಾತ್ರ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಆದರೆ ನಾನು ನಿಂತ ಜಾಗದಿಂದ ಅವರ ಬೆನ್ನ ಹಿಂದಿನ ಎಡಗೈ ಕಾಣುತ್ತಿತ್ತು. ಅದರ ಬೆರಳುಗಳು ಒಂದನ್ನೊಂದು ಉಜ್ಜುತ್ತ, ಅಂಗಿಯ ತುದಿಯನ್ನು ಸುರುಳಿ ಸುತ್ತಿ ಬಿಚ್ಚುತ್ತ, ಒಂದು ಕ್ಷಣವೂ ಸುಮ್ಮನಿರಲಿಲ್ಲ. ಅಪ್ಪನಿಗೆ ಭಯವಾಗಿದೆ ಎಂದು ನನಗೆ ಗೊತ್ತಾದದ್ದು ಆ ಕೈಯಿಂದ.

ಅಮ್ಮ ಊಟಕ್ಕೆ ಕರೆದರು. ಅಪ್ಪ ಬರಲಿಲ್ಲ. ಮಾವ ಬಂದು ಎಲೆಯ ಮುಂದೆ ಕೂತರು, ಎರಡು ತುತ್ತು ತಿಂದು ಎದ್ದುಹೋದರು. ನಾನೂ ಅವರ ಹಿಂದೆಯೇ ಓಡಿದೆ. ಸಾರಿನ ಕೈ ತೊಳೆದದ್ದೂ ನೆನಪಿಲ್ಲ.

ಅಂಗಡಿಯಲ್ಲಿ ಅಪ್ಪ ನಶ್ಯದ ಡಬ್ಬಿ ತೆಗೆದು ಎರಡೂ ಹೊಳ್ಳೆಗೆ ಏರಿಸಿ, ಕಣ್ಣಲ್ಲಿ ನೀರು ತುಂಬಿಕೊಂಡು ಮತ್ತೆ ಪೆಟ್ಟಿಗೆ ಮೂಸುತ್ತಿದ್ದರು. ಅವರಿಗೆ ದಿನಕ್ಕೆ ಎಂಟು ಹತ್ತು ಸಲ ನಶ್ಯ ಬೇಕು. ಅಮ್ಮ ಹಾಲು ಉಕ್ಕಿಸಿದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಅಂಥ ಮೂಗು ಇವತ್ತು ಸುಟ್ಟ ವಾಸನೆ ಎಂದು ಹೇಳುತ್ತಿತ್ತು, ನಾವೆಲ್ಲ ಬೆಳಗಿನಿಂದ ಅದನ್ನೇ ನಂಬಿ ಕೂತಿದ್ದೆವು. ನಾನು ಬಲಗೈಯನ್ನು ಮೇಜಿಗೆ ಊರಿ ಬಗ್ಗಿದೆ.

ಅದು ಸುಟ್ಟ ವಾಸನೆ ಅಲ್ಲವೇ ಅಲ್ಲ. ಸುಟ್ಟ ವಯರಿನ ವಾಸನೆ ನನಗೆ ಗೊತ್ತಿತ್ತು, ಅದು ಗಂಟಲಿಗೆ ಹತ್ತುತ್ತದೆ. ಇದು ಮೆತ್ತಗಿತ್ತು. ಸೌದೆಯ ಹೊಗೆ, ಅದರೊಳಗೆ ಒಂದು ಹುಳಿ, ಅದರ ಹಿಂದೆ ಒಂದು ಚೂರು ಒಣಮೆಣಸಿನ ಘಾಟು. ಅಮ್ಮ ಬೆಲ್ಲ ತರಲು ನನ್ನನ್ನು ಏಣಿ ಹತ್ತಿಸುತ್ತಿದ್ದರಲ್ಲ, ಅಲ್ಲಿ ತಲೆ ತೂರಿಸಿದಾಗ ಬರುವ ವಾಸನೆ.

"ಅಪ್ಪಾ, ಇದು ಅಟ್ಟದ ವಾಸನೆ."

"ಯಾವ ಅಟ್ಟ?"

"ಒಲೆ ಮೇಲಿನ ಅಟ್ಟ. ಮುರುಗನ ಹುಳಿ, ಮೆಣಸು ಎಲ್ಲ ಇಡ್ತಾರಲ್ಲ, ಅಲ್ಲಿಂದು."

ಅಪ್ಪ ನನ್ನನ್ನೇ ನೋಡಿದರು. ಆಮೇಲೆ ಪೆಟ್ಟಿಗೆಯ ಮುಚ್ಚಳದ ಒಳಮೈಯನ್ನು ಬೆರಳಿನಿಂದ ಒರೆಸಿದರು. ಬೆರಳು ಕಪ್ಪಾಯಿತು, ಜಿಡ್ಡು ಮಸಿ. ಮೂಲೆಯಲ್ಲಿ ಒಂದು ಹುಣಸೆಬೀಜವೂ ಸಿಕ್ಕಿತು. ಅದನ್ನು ಮಾವನ ಮುಂದೆ ಹಿಡಿದರು.

"ಮಾರಾಯ್ರೆ, ಇದನ್ನ ಎಲ್ಲಿ ಇಡ್ತೀರಿ?"

"ಜಗಲಿಯಾಗೆ, ಟಿವಿ ಪಕ್ಕ."

"ಜಗಲಿಯಲ್ಲಿ ಹುಣಸೆಬೀಜ ಹೆಂಗೆ ಬಂತು?"

ಮಾವ ಬೀದಿಯ ಕಡೆ ಮುಖ ತಿರುಗಿಸಿದರು. ಆಮೇಲೆ ನಿಧಾನವಾಗಿ ಬಾಯಿಬಿಟ್ಟರು. "ಅವ್ವ ಅಟ್ಟದ ಮೇಲೆ ಇಡ್ಸಿತ್ತು ಅಣ್ಣಾ. ಮೊದಲ್ನೇ ಮಳೆಗಾಲ್ದಾಗೆ ಕ್ಯಾಸೆಟ್ಟಿಗೆಲ್ಲ ಬೂಸಲು ಬಂತು. ಇಷ್ಟು ದೊಡ್ಡ ಸಾಮಾನು ಥಂಡಿ ಹಿಡಿದು ಹಾಳಾಗ್ತದೆ, ಬೀಜದ ಬತ್ತಕ್ಕಿಂತ ಹೆಚ್ಚಾ ಇದು ಅಂತ ಅವ್ವ ಒಲೆ ಮೇಲೆ ಜಾಗ ಮಾಡಿ ಇಡ್ಸಿತು. ಎರಡು ವರ್ಷ ಆತು. ನೋಡ್ಬೇಕಾದಾಗ ಇಳಿಸೋದು, ನೋಡಿ ಮತ್ತೆ ಹತ್ತಿಸೋದು. ಒಂದು ದಿನ ಕೈ ಕೊಟ್ಟಿರ್ಲಿಲ್ಲ."

"ಇದನ್ನ ಬೆಳಿಗ್ಗೆನೇ ಹೇಳೋದಲ್ವಾ?"

"ಅವ್ವನ ಮರ್ಯಾದೆ ತೆಗ್ದಂಗೆ ಆಗ್ತದೆ ಅಂತ ಹೇಳ್ಲಿಲ್ಲ."

ಅಪ್ಪನ ಬೆನ್ನ ಹಿಂದಿನ ಬೆರಳುಗಳು ನಿಂತವು. ಅದು ನನಗೆ ಚೆನ್ನಾಗಿ ನೆನಪಿದೆ.

ಅವರು ಪೆಟ್ಟಿಗೆಯ ಸ್ವಿಚ್ಚು ಹಾಕಿ ಸೋಲ್ಡರಿಂಗ್ ಐರನ್ ಎತ್ತಿಕೊಂಡರು. ಬೆಸುಗೆ ಹಾಕಲಿಲ್ಲ. ಪವರ್ ಸಪ್ಲೈಯ ಹಲಗೆಯ ಮೇಲೆ ಪುಟ್ಟ ಪುಟ್ಟ ಡಬ್ಬಿಗಳ ಹಾಗೆ ನಿಂತಿದ್ದ ಕಂಡೆನ್ಸರುಗಳ ಹತ್ತಿರ, ತಾಗದ ಹಾಗೆ, ಅದರ ಬಿಸಿ ಮೂತಿಯನ್ನು ಹಿಡಿದರು. ಮೊದಲನೆಯದರ ಪಕ್ಕ ಹಿಡಿದು ಮನಸ್ಸಿನಲ್ಲೇ ಅರವತ್ತು ಎಣಿಸಿದರು. ಟಿಕ್, ಟಿಕ್. ಎರಡನೆಯದರ ಪಕ್ಕ. ಟಿಕ್, ಟಿಕ್. ಮೂರನೆಯದು ಎಲ್ಲದಕ್ಕಿಂತ ಚಿಕ್ಕದು, ಕಡಲೆಬೀಜದಷ್ಟು. ಅದರ ಪಕ್ಕ ಹಿಡಿದರು. ಅಕ್ಕ ಪುಸ್ತಕ ಬಿಟ್ಟು ಬಂದು ನನ್ನ ಬೆನ್ನಿಗೆ ಒತ್ತಿ ನಿಂತಳು. ಟಿಕ್ ಎಂದಿತು. ಮತ್ತೊಂದು ಟಿಕ್ ಬೇಗ ಬಂತು. ಇನ್ನೊಂದು ಅದಕ್ಕಿಂತ ಬೇಗ ಬಂತು. ಆಮೇಲೆ ಟಿಕ್ಕುಗಳೇ ನಿಂತುಹೋಗಿ, ಒಳಗೆ ಗುಂಯ್ ಎಂದು ಮೋಟಾರು ತಿರುಗಿ, ಹಸಿರು ಸೊನ್ನೆಗಳು ಸಾಲಾಗಿ ಹೊತ್ತಿಕೊಂಡವು.

ಮಾವ ಆ ಸೊನ್ನೆಗಳಿಗೆ ಕೈ ಮುಗಿದರು.

ಅಪ್ಪ ಆಮೇಲೆ ನಮಗೆ ವಿವರಿಸಿದ್ದು ಹೀಗೆ. ಘಾಟಿಯಲ್ಲಿ ನಿಂತ ಜೀಪಿಗೆ ಹೊರಡುವಾಗ ಒಂದು ನೂಕು ಬೇಕಲ್ಲ, ಪವರ್ ಸಪ್ಲೈಗೂ ಹಾಗೆಯೇ. ಆ ಮೊದಲ ನೂಕು ಕೊಡುವುದು ಈ ಚಿಕ್ಕ ಕಂಡೆನ್ಸರು. ಅದರೊಳಗೆ ಒದ್ದೆ ಕಾಗದದ ಸುರುಳಿ ಇರುತ್ತದೆ. ಎರಡು ವರ್ಷ ಒಲೆಯ ಮೇಲೆ ಕೂತು ಆ ಒದ್ದೆ ಆರಿಹೋಗಿತ್ತು. ಆರಿದ ಕಂಡೆನ್ಸರಿಗೆ ಚಳಿಯಲ್ಲಿ ಶಕ್ತಿ ಇಲ್ಲ, ಬೆಚ್ಚಗಾದರೆ ಮಾತ್ರ ಸ್ವಲ್ಪ ಜೀವ ಬರುತ್ತದೆ. ಅಟ್ಟದಿಂದ ಬಿಸಿಬಿಸಿಯಾಗಿ ಇಳಿಸಿ ಹಚ್ಚುತ್ತಿದ್ದುದರಿಂದ ಯಾರಿಗೂ ಅದರ ಕಾಯಿಲೆ ಗೊತ್ತಾಗಿರಲಿಲ್ಲ. ಗುರುವಾರ ಎರಡು ಗಂಟೆ ಕರೆಂಟಿಲ್ಲದೆ ತಣ್ಣಗಾಯಿತು, ಮತ್ತೆ ಏಳಲಿಲ್ಲ. ಟಿಕ್ ಟಿಕ್ ಅನ್ನುತ್ತಿದ್ದುದು ನೂಕಿ ನೂಕಿ ಸೋಲುತ್ತಿದ್ದ ಸದ್ದು.

ಅಂಗಡಿಯ ಕಪ್ಪು ಬಿಳುಪು ಟಿವಿಗೆ ಜೋಡಿಸಿ ಅಪ್ಪ ಗುಂಡಿ ಒತ್ತಿದರು. ಚಪ್ಪರ ಕಂಡಿತು. ಆಮೇಲೆ ಹಣೆಯ ಮೇಲೆ ಬಾಸಿಂಗ ಕಟ್ಟಿಕೊಂಡ ಮದುಮಗಳು ಯಾರನ್ನೋ ಹುಡುಕುವ ಹಾಗೆ ಆಚೆ ಈಚೆ ನೋಡಿ, ಕ್ಯಾಮೆರಾ ಕಂಡು ತಲೆ ತಗ್ಗಿಸಿದಳು. ಮಾವ ಆಗ ಮೊದಲ ಸಲ ಸ್ಟೂಲಿನ ಮೇಲೆ ಪೂರ್ತಿ ಕೂತರು. ಅಪ್ಪ ಟೇಪು ನಿಲ್ಲಿಸಿ, ಕ್ಯಾಸೆಟ್ಟನ್ನು ಹೊರಗೆ ಬರಿಸಿ ಅವರ ಕೈಗಿಟ್ಟರು. "ತಗೊಳ್ಳಿ. ಮದುವೆ ಹೊರಗೆ ಬಂತು."

ಗಂಟೆ ಎರಡು ಹತ್ತು. ಎಲ್ಲ ಮುಗಿಯಿತು ಎಂದು ನಾನು ಅಂದುಕೊಂಡೆ. ಅಪ್ಪ ತಗಡಿನ ಡಬ್ಬಿ ಸುರುವಿ ಕಂಡೆನ್ಸರು ಹುಡುಕಿದರು. ಆ ಅಳತೆಯದು ಒಂದೂ ಇರಲಿಲ್ಲ. ಹತ್ತಿರದ ಅಳತೆಯದು ಸಿಕ್ಕಿತು, ಆದರೆ ಆ ಜಾಗದ ಒತ್ತಡ ತಡೆಯುವಂಥದ್ದಲ್ಲ, ಸಿಡಿಯುತ್ತದೆ ಅಂದರು. ಶಿವಮೊಗ್ಗದಿಂದಲೇ ಬರಬೇಕು. ಭಾನುವಾರ ಬೇರೆ.

"ಎರಡು ದಿನ ಬಿಟ್ಟು ಹೋಗಿ. ಪೂರ್ತಿ ಮಾಡಿ ಕೊಡ್ತೀನಿ" ಅಂದರು.

"ಅಣ್ಣಾ, ಮದುಮಕ್ಕಳು ಇವತ್ತು..."

"ಅರ್ಧ ಆದ ಸಾಮಾನು ನಾನು ಕೊಡಲ್ಲ ಮಾರಾಯ್ರೆ. ಅಲ್ಲಿ ಹೋಗಿ ಏಳದೇ ಇದ್ರೆ? ನಿಮ್ಮವ್ವ ನಿಮ್ಮನ್ನ ಬಿಟ್ಟು ನನಗೆ ಬೈತಾರೆ."

ಮಾವ ಕ್ಯಾಸೆಟ್ಟನ್ನು ಎದೆಗೆ ಹಿಡಿದುಕೊಂಡು ನಿಂತರು. ಅಪ್ಪ ಪೆಟ್ಟಿಗೆಯ ಮುಂದೆ ನಿಂತರು.

"ಅಪ್ಪಾ" ಅಂದಳು ಅಕ್ಕ. "ಅದಕ್ಕೆ ಬೇಕಾಗಿರೋದು ಬಿಸಿ ತಾನೇ? ಅವರ ಮನೇಲಿ ಅಟ್ಟ ಇದೆಯಲ್ಲ."

ಅಪ್ಪ ಅವಳ ಕಡೆ ತಿರುಗಿದರು. "ಹಾಳು ಮಾಡಿದ ಅಟ್ಟಕ್ಕೇ ಮತ್ತೆ ಹತ್ತಿಸು ಅಂತೀಯಾ?"

"ಒಂದು ಸಂಜೆಗೆ ಅಪ್ಪ. ಎರಡು ವರ್ಷ ಹಾಳಾಗಿದ್ದು ಇನ್ನೊಂದು ಸಂಜೆಗೆ ಎಷ್ಟು ಹಾಳಾಗ್ತದೆ?"

ಅಪ್ಪ ಅಂಗಡಿಯಲ್ಲಿ ಆ ಕಡೆಯಿಂದ ಈ ಕಡೆಗೆ ಎರಡು ಸಲ ನಡೆದರು. ನಶ್ಯದ ಡಬ್ಬಿ ತೆಗೆದು, ತೆರೆಯದೆ ವಾಪಸು ಜೇಬಿಗೆ ಹಾಕಿದರು. ಆಮೇಲೆ ಮುಚ್ಚಳದ ಮಸಿ ಒರೆಸಿ ತಿರುಪು ಹಾಕತೊಡಗಿದರು. ಅಕ್ಕ ನೋಟ್ ಬುಕ್ಕಿನ ಹಾಳೆ ಹರಿದು ದಪ್ಪ ಅಕ್ಷರದಲ್ಲಿ ಅಪ್ಪ ಹೇಳಿದಂತೆ ಬರೆದಳು. ಮನೆಗೆ ಹೋದ ಕೂಡಲೇ ಅಟ್ಟದ ಮೇಲೆ ಇಡುವುದು, ಅರ್ಧ ಗಂಟೆ ಬಿಟ್ಟು ಇಳಿಸಿ ಕೂಡಲೇ ಹಚ್ಚುವುದು, ಚಿತ್ರ ಬಂದ ಮೇಲೆ ಯಾರೂ ಸ್ವಿಚ್ಚು ಮುಟ್ಟಬಾರದು, ಕರೆಂಟು ಹೋದರೆ ಬರುವವರೆಗೆ ಮತ್ತೆ ಅಟ್ಟಕ್ಕೆ. ಕೊನೆಗೆ ತಾನೇ ಒಂದು ಸಾಲು ಸೇರಿಸಿದಳು: 'ಬೇಗಡೆ ಹುಡುಗನನ್ನು ಹತ್ತಿರ ಸೇರಿಸಬೇಡಿ.' ಮಾವ ಅದನ್ನು ಗಟ್ಟಿಯಾಗಿ ಓದಿ, ಆ ಸಾಲಿಗೆ ಬಂದಾಗ ದನಿ ತಗ್ಗಿಸಿದರು.

ಕಂಬಳಿ ಸುತ್ತಿ, ಗಂಟು ತಲೆಗೇರಿಸಿ, ಅವರು ಓಡಿದರು. ನಾನು ಬೀದಿಯವರೆಗೆ ಹೋಗಿ ಬಲಗೈ ಬೀಸಿದೆ. ಆ ಗಡಿಬಿಡಿಯಲ್ಲಿ ಅಪ್ಪ "ತೆಗಿ" ಅನ್ನುವುದನ್ನೇ ಮರೆತಿದ್ದರು. ಎಡಗೈ ಹಿಂದೆಯೇ ಇತ್ತು.

ಅಂದಿನಿಂದ ನಾಲ್ಕು ದಿನ ಅಪ್ಪ ಸರಿಯಾಗಿ ಊಟ ಮಾಡಲಿಲ್ಲ. ಯಾರ ಮನೆಗೂ ಫೋನಿಲ್ಲ. ಆಚೆ ದಡದ ಸುದ್ದಿ ಜನ ಬಂದರೆ ಮಾತ್ರ ಬರಬೇಕು. ಬೀದಿಯಲ್ಲಿ ಕರಿ ಕಂಬಳಿ ಕಂಡರೆ ಸಾಕು, ಅಪ್ಪ ತಲೆ ಎತ್ತುತ್ತಿದ್ದರು. ಶಿವಮೊಗ್ಗಕ್ಕೆ ಹೋಗುವ ಬಸ್ಸಿನವರಿಗೆ ಹೇಳಿ ಮಂಗಳವಾರವೇ ಕಂಡೆನ್ಸರು ತರಿಸಿದರು, ಒಂದಕ್ಕೆ ಎರಡು.

ಗುರುವಾರ ಮಾವ ಬಂದರು. ಗಂಟು ಇಳಿಸುವ ಮೊದಲೇ ನಗುತ್ತಿದ್ದರು.

"ಎದ್ದಿತಾ?" ಅಪ್ಪ ಕೇಳಿದರು.

"ಮೂರು ಸಲ ಕರೆಂಟು ಹೋತು ಅಣ್ಣಾ. ಮೂರು ಸಲ ಹತ್ತಿಸಿದ್ವಿ, ಮೂರು ಸಲ ಇಳಿಸಿದ್ವಿ. ಅಳಿಯ ಹೊಸಬ, ಪಾಪ, ಅವನೇ ಏಣಿ ಹತ್ತಿದ. ಮೂರು ಸಲಾನೂ ಎದ್ದು ಕೂತ್ಕಂತು. ಹುಡುಗಿ ಮುಖ ಬಂತು. ಅವ್ವ ಗೋಡೆ ಕಡೆ ತಿರುಗಿ ಮಲಗಿತ್ತಲ್ಲ, ಈ ಕಡೆ ತಿರುಗ್ತು. ಧಾರೆ ಮುಗಿಯೋ ತಂಕ ಕಣ್ಣು ಮಿಟುಕಿಸ್ಲಿಲ್ಲ. ಹುಡುಗೀನೂ ಮಂಚದ ಮೇಲೆ ಅವ್ವನ ಕಾಲ ಹತ್ರ ಕೂತು ನೋಡ್ತು."

"ನಿಮ್ಮ ಹತ್ರ ಮಾತಾಡಿದ್ರಾ?" ಕೇಳಿದ್ದು ನಾನು.

ಮಾವ ಸ್ಟೂಲಿನ ಮೇಲೆ ಕೂತರು. "ಮಾತಾಡ್ತು ಮಗಾ. ಊಟದ ಪಂಕ್ತಿ ಬಂತು ನೋಡು. ಅದ್ರಾಗೆ ನಾನು ಮೊದಲ್ನೇ ಸಾಲಿನಾಗೆ ಕೂತು ಹೋಳಿಗೆ ಹೊಡೀತಾ ಇದೀನಿ. ಅವ್ವ ಎಲ್ರ ಮುಂದೆ, ಅಳಿಯನ ಮುಂದೆ ಹೇಳ್ತು, 'ಹೆಣ್ಣು ಹೆತ್ತವನು ಬೀಗರಿಗಿಂತ ಮುಂಚೆ ಎಲೆ ಮುಂದೆ ಕೂತಿದೀಯಲ್ಲೋ ಮಾನಗೆಟ್ಟವನೇ. ನಾನಿದ್ದಿದ್ರೆ ಎಬ್ಬಿಸ್ತಿದ್ದೆ' ಅಂತ. ಮೂರು ದಿನಕ್ಕೆ ಮೊದಲ್ನೇ ಮಾತು ಅದು. ಏನು ಖುಷಿ ಆತು ಅಂತೀರಿ."

ಅಕ್ಕ ನಕ್ಕು ಒಳಗೆ ಓಡಿದಳು. ಅಪ್ಪ ಬಹಳ ಹೊತ್ತು ನಕ್ಕರು, ಕಣ್ಣೊರೆಸಿಕೊಂಡು ನಶ್ಯ ಏರಿಸಿದರು.

"ಒಂದು ತೊಂದರೆ ಆಗ್ಯದೆ ಅಣ್ಣಾ" ಅಂದರು ಮಾವ. "ಮೂರು ಸಲಾನೂ ಅಟ್ಟದಿಂದ ಇಳಿಸಿದ ಮೇಲೇ ಎದ್ದಿದ್ದು ನೋಡಿ ಅವ್ವ, 'ನಾನು ಹೇಳಿರ್ಲಿಲ್ವಾ, ಅದ್ರ ಜಾಗ ಅಟ್ಟವೇ' ಅಂತ ಕೂತದೆ. ಇನ್ನು ಅಲ್ಲಿ ಇಡ್ಬಾರ್ದು ಅಂತ ನಾನು ಹೇಳಲ್ಲ. ನೀವೇ ಲಾಂಚು ಹತ್ತಿ ಬಂದು ಹೇಳಿ."

ಅಪ್ಪ ಹೋಗಲಿಲ್ಲ. ಹೊಸ ಕಂಡೆನ್ಸರು ಹಾಕಿದರು, ತಣ್ಣನೆಯ ನೆಲದ ಮೇಲೆ ಒಂದು ರಾತ್ರಿ ಇಟ್ಟು ಬೆಳಿಗ್ಗೆ ಹಚ್ಚಿ ನೋಡಿದರು, ಒಂದೇ ನೂಕಿಗೆ ಎದ್ದಿತು. ಇನ್ನೊಂದು ಹೊಸ ಕಂಡೆನ್ಸರನ್ನು ಕಾಗದದಲ್ಲಿ ಕಟ್ಟಿ ಪೆಟ್ಟಿಗೆಯ ಮೇಲೆ ಅಂಟಿಸಿ ಕೊಟ್ಟರು. ಹೇಗೂ ಇನ್ನೆರಡು ವರ್ಷಕ್ಕೆ ಬೇಕಾಗುತ್ತದೆ ಅಂದರು. ಆರಿಹೋದ ಹಳೆಯದನ್ನು ನನಗೆ ಕೊಟ್ಟರು. ಅದು ಈಗಲೂ ನನ್ನ ಹೊಲಿಗೆ ಡಬ್ಬಿಯಲ್ಲಿ ಗುಂಡಿಗಳ ಜೊತೆ ಇದೆ.

ಈಗ ಆ ಹಿನ್ನೀರಿಗೆ ಸೇತುವೆಯಾಗಿದೆ. ಕಡೇ ಲಾಂಚು ತಪ್ಪುತ್ತದೆ ಎಂದು ಯಾರೂ ಓಡಬೇಕಾಗಿಲ್ಲ. ಮದುವೆಯನ್ನು ತಲೆಯ ಮೇಲೆ ಹೊತ್ತು ತರಬೇಕಾಗಿಯೂ ಇಲ್ಲ, ಧಾರೆ ಎರೆಯುತ್ತಿರುವಾಗಲೇ ನಿಮ್ಮ ಅಂಗೈಯಲ್ಲಿ ಬರುತ್ತದೆ. ಆದರೂ ಪರದೆಯ ಮೇಲೆ ಆ ಬಿಳಿ ಚಕ್ರ ತಿರುಗುತ್ತ ನಿಂತರೆ ನೀವು ಕೂರುವುದು, ಏಳುವುದು, ಕಿಟಕಿಗೆ ಹೋಗುವುದು ನೋಡಿದಾಗೆಲ್ಲ ನನಗೆ ಆ ಮಾವನ ನೆನಪಾಗುತ್ತದೆ.

ಕಳೆದ ಪುಷ್ಯದ ಚಳಿಯಲ್ಲಿ ಒಂದು ಬೆಳಿಗ್ಗೆ ನಿಮ್ಮ ನೆಟ್ ನಿಂತುಹೋಯಿತಲ್ಲ, ನೆನಪಿದೆಯೇ? ರಾತ್ರಿ ಕರೆಂಟು ಹೋಗಿ ಬಂದಿತ್ತು. ವೈಫೈ ಡಬ್ಬಿಯ ದೀಪಗಳು ಮಿಣುಕಿ ಆರುತ್ತಿದ್ದವು, ಮಿಣುಕಿ ಆರುತ್ತಿದ್ದವು. ಬೇರೆ ಅಡಾಪ್ಟರ್ ತರಿಸೋಣ, ನಾಳೆ ಬರುತ್ತದೆ ಅಂದರು ನಿಮ್ಮಪ್ಪ. ನಾಳೆ ಅನ್ನುವ ಮಾತು ಕೇಳಿ ನೀವಿಬ್ಬರೂ ಸೋಫಾದ ಮೇಲೆ ಬಿದ್ದು ಹೊರಳಾಡಿದಿರಿ. ನಾನು ಅಡಾಪ್ಟರನ್ನು ಗೋಡೆಯಿಂದ ಕಿತ್ತು, ಬಟ್ಟೆಯಲ್ಲಿ ಸುತ್ತಿ, ಆಗತಾನೆ ಇಳಿಸಿದ ಇಡ್ಲಿ ಪಾತ್ರೆಯ ಪಕ್ಕ ಆವಿ ತಾಗದ ಹಾಗೆ ಇಟ್ಟೆ. ಚಟ್ನಿಗೆ ಒಗ್ಗರಣೆ ಹಾಕಿ ಮುಗಿಯುವಷ್ಟು ಹೊತ್ತು ಬಿಟ್ಟು ತಂದು ಸಿಕ್ಕಿಸಿದೆ. ಹಸಿರು ದೀಪಗಳು ಸಾಲಾಗಿ ಹೊತ್ತಿಕೊಂಡು ಹಾಗೆಯೇ ನಿಂತವು.

ನಿಮ್ಮಲ್ಲಿ ದೊಡ್ಡವನು ಆಗಲೇ ಫೋನಿಗೆ ಓಡಿದ್ದ. ಚಿಕ್ಕವಳು ಮಾತ್ರ ನಿಂತು ನೋಡುತ್ತಿದ್ದಳು.

"ಅಜ್ಜಿ, ನಿನ್ನ ಆ ಕೈ ಯಾಕೆ ಬೆನ್ನ ಹಿಂದೆ?"

ನಾನು ಗಮನಿಸಿಯೇ ಇರಲಿಲ್ಲ.

"ಅದಾ? ನಿಮ್ಮ ಮುತ್ತಜ್ಜ ಅಲ್ಲಿಡು ಅಂದಿದ್ರು ಪುಟ್ಟಿ" ಅಂದೆ. "ತೆಗಿ ಅಂತ ಹೇಳೋಕೆ ಮರೆತುಬಿಟ್ರು."